ಕ್ಷೇತ್ರ: ಅಳೆಯುವ ನೆಲ, ನಮಿಸುವ ನೆಲ

(ದಶಲಕ್ಷಣ ಪರ್ವದ ಉತ್ತಮ ಆಕಿಂಚನ್ಯ ಧರ್ಮದ ದಿನದಂದು, ಹೊರನಾಡಿನಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ಓದಿದ ಉಪನ್ಯಾಸದ ಪಠ್ಯ)



ಪುಣೆಯಲ್ಲೋ ಮುಂಬಯಿಯಲ್ಲೋ ಮರಾಠಿ ಮಾಧ್ಯಮದಲ್ಲಿ ಓದುವ ಜೈನ ಮಗುವೊಂದು ಗಣಿತದ ತರಗತಿಯಲ್ಲಿ ಆಯತದ ಉದ್ದವನ್ನು ಅಗಲದಿಂದ ಗುಣಿಸಿ, ಬಂದ ಉತ್ತರದ ಮುಂದೆ 'ಕ್ಷೇತ್ರಫಳ' ಎಂದು ಬರೆಯುತ್ತದೆ. ದಿಲ್ಲಿಯ ಹಿಂದಿ ಪುಸ್ತಕದಲ್ಲಿಯೂ ಅದೇ ಪದವಿದೆ. ಕರ್ನಾಟಕದ ಶಾಲೆಯಲ್ಲಿ ಅದಕ್ಕೆ 'ವಿಸ್ತೀರ್ಣ' ಎನ್ನುತ್ತಾರೆ. ರಜೆ ಬಂದಾಗ ತಂದೆತಾಯಿ ಅದೇ ಮಗುವನ್ನು ಕುಂಥಲಗಿರಿಗೆ ಕರೆದೊಯ್ದು, ಇದು ಸಿದ್ಧಕ್ಷೇತ್ರ, ಕುಲಭೂಷಣ-ದೇಶಭೂಷಣ ಮುನಿಗಳು ಮುಕ್ತಿ ಪಡೆದ ನೆಲ ಎಂದು ಹೇಳುತ್ತಾರೆ. ಮುಂದಿನ ರಜೆಗೆ ಊರಿಗೆ ಹೋದಾಗ ಹೊಂಬುಜವನ್ನು ತೋರಿಸಿ, ಇದು ಅತಿಶಯ ಕ್ಷೇತ್ರ ಎನ್ನುತ್ತಾರೆ. ಆಗ ಆ ಮಗು, ಈ ಕ್ಷೇತ್ರದ ಕ್ಷೇತ್ರಫಳ ಎಷ್ಟು ಎಂದು ಕೇಳಿದರೆ ದೊಡ್ಡವರು ನಕ್ಕುಬಿಡುವುದು ಸಹಜ. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ಜೈನ ಸಮಾಜದ ಇಂದಿನ ಅನೇಕ ಗೊಂದಲಗಳು ಈ ಒಂದು ಪದದ ಎರಡು ಅರ್ಥಗಳು ಬೆರೆತುಹೋದಲ್ಲಿಯೇ ಹುಟ್ಟಿವೆ. ಆಕಿಂಚನ್ಯ ಧರ್ಮದ ಈ ದಿನ ಆ ಪದವನ್ನು ಬಿಡಿಸಿ ನೋಡುವುದು ಉಚಿತವಾಗಿದೆ.

ಮೊದಲು ಗಣಿತದ ಕ್ಷೇತ್ರವನ್ನು ನೋಡಬೇಕು. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಕವಿರಾಜಮಾರ್ಗ ಹುಟ್ಟಿದ ಅದೇ ರಾಜಾಶ್ರಯದಲ್ಲಿ ಈ ಗಣಿತವೂ ಹುಟ್ಟಿತು. ಲೌಕಿಕ, ವೈದಿಕ, ಸಾಮಯಿಕವೆಂಬ ಮೂರು ಬಗೆಯ ವ್ಯವಹಾರಗಳಿಗೂ ಗಣಿತ ಬೇಕೆಂದು ಆಚಾರ್ಯರು ಆರಂಭದಲ್ಲಿಯೇ ಹೇಳುತ್ತಾರೆ. ಗ್ರಂಥದ ಒಂದು ಅಧಿಕಾರಕ್ಕೆ 'ಕ್ಷೇತ್ರಗಣಿತ ವ್ಯವಹಾರ' ಎಂದು ಹೆಸರು. ಅಲ್ಲಿ ಕ್ಷೇತ್ರವೆಂದರೆ ರೇಖೆಗಳಿಂದ ಸುತ್ತುವರಿದ ಆಕೃತಿ. ತ್ರಿಭುಜದಲ್ಲಿ ಮೂರು, ಚತುರ್ಭುಜದಲ್ಲಿ ಐದು, ವೃತ್ತಾಕೃತಿಗಳಲ್ಲಿ ಎಂಟು, ಹೀಗೆ 16 ಬಗೆಯ ಕ್ಷೇತ್ರಗಳನ್ನು ಅವರು ಎಣಿಸುತ್ತಾರೆ. ವೃತ್ತಗಳ ಸಾಲಿನಲ್ಲಿ ಪೂರ್ಣವೃತ್ತ, ಅರ್ಧವೃತ್ತಗಳ ಜೊತೆಗೆ ಶಂಖದ ಆಕಾರದ್ದು, ತಗ್ಗಾದದ್ದು, ಉಬ್ಬಿದ್ದು, ಬಳೆಯಂತೆ ನಡುವೆ ಬರಿದಾದದ್ದು ಕೂಡ ಇವೆ. ಹೊಲ, ಕೆರೆ, ಕಟ್ಟೆ, ಅಂಗಳಗಳನ್ನು ಕಣ್ಣಾರೆ ಕಂಡವರ ಗಣಿತವಿದು. ಮುಂದೆ 12ನೆಯ ಶತಮಾನದಲ್ಲಿ ಜೈನ ಕವಿ ರಾಜಾದಿತ್ಯನು ಕನ್ನಡದಲ್ಲಿಯೇ ಗಣಿತ ಗ್ರಂಥಗಳನ್ನು ಬರೆದನು. ಅವುಗಳಲ್ಲಿ ಒಂದರ ಹೆಸರೇ 'ಕ್ಷೇತ್ರಗಣಿತ'. ಮಗುವಿನ ಮರಾಠಿ ಪಠ್ಯದ ಪದ ಹಾಗಾಗಿ ಕನ್ನಡ ಜೈನರಿಗೆ ಪರಕೀಯವಲ್ಲ. ಮನೆಯ ಪದವೇ ಸುತ್ತಿ ಬಂದು ಮತ್ತೆ ಮನೆಯ ಮಕ್ಕಳ ಬಾಯಿಗೆ ಸೇರಿದೆ.

ಮಹಾವೀರಾಚಾರ್ಯರು ಕ್ಷೇತ್ರಫಲಕ್ಕೆ ಎರಡು ಬಗೆಯ ಲೆಕ್ಕ ಹೇಳುತ್ತಾರೆ. ಒಂದು ವ್ಯಾವಹಾರಿಕ, ಅಂದರೆ ನಿತ್ಯದ ಕೆಲಸಕ್ಕೆ ಸಾಕಾಗುವ ಅಂದಾಜು. ಇನ್ನೊಂದು ಸೂಕ್ಷ್ಮ. ವ್ಯವಹಾರನಯ ಮತ್ತು ನಿಶ್ಚಯನಯಗಳ ಭೇದವನ್ನು ಬಲ್ಲ ಶ್ರಾವಕರಿಗೆ ಈ ವಿಂಗಡಣೆ ಅಪರಿಚಿತವೆನಿಸದು. ವೃತ್ತದ ವಿಷಯದಲ್ಲಿ ವ್ಯಾವಹಾರಿಕ ಲೆಕ್ಕಕ್ಕೆ ಪರಿಧಿಯು ವ್ಯಾಸದ ಮೂರರಷ್ಟು. ಸೂಕ್ಷ್ಮ ಲೆಕ್ಕಕ್ಕೆ ಅದು ವ್ಯಾಸವನ್ನು 10ರ ವರ್ಗಮೂಲದಿಂದ ಗುಣಿಸಿದಷ್ಟು. ಬಸದಿಯ ಅಂಗಳದಲ್ಲಿ 40 ಅಡಿ ವ್ಯಾಸದ ದುಂಡನೆಯ ಕಟ್ಟೆಯನ್ನು ಕಟ್ಟಬೇಕಿದೆ ಎಂದುಕೊಳ್ಳೋಣ. ವ್ಯಾವಹಾರಿಕ ಲೆಕ್ಕಕ್ಕೆ ಅದರ ಕ್ಷೇತ್ರಫಲ 1,200 ಚದರ ಅಡಿ. ಆಚಾರ್ಯರ ಸೂಕ್ಷ್ಮ ಲೆಕ್ಕಕ್ಕೆ ಸುಮಾರು 1,265. ಇಂದಿನ ಲೆಕ್ಕಕ್ಕೆ ಸುಮಾರು 1,257. ಕಲ್ಲು ಹಾಸುವ ಗುತ್ತಿಗೆದಾರನಿಗೆ 1,200 ಎಂಬ ಅಂದಾಜನ್ನು ನಂಬಿ ಹಣ ಹೊಂದಿಸಿದರೆ ಕೊನೆಯಲ್ಲಿ 57 ಚದರ ಅಡಿಯ ಕಲ್ಲು ಕೊರತೆ ಬೀಳುತ್ತದೆ. ಅಂದಾಜು ತಪ್ಪಲ್ಲ, ಅಂದಾಜನ್ನು ಸೂಕ್ಷ್ಮವೆಂದು ನಂಬುವುದು ತಪ್ಪು.

ಚತುರ್ಭುಜದಲ್ಲಿ ಈ ಅಪಾಯ ಇನ್ನೂ ದೊಡ್ಡದು. ಎದುರುಬದುರು ಭುಜಗಳ ಮೊತ್ತವನ್ನು ಅರ್ಧಿಸಿ, ಆ ಎರಡು ಅರ್ಧಗಳನ್ನು ಗುಣಿಸುವುದು ವ್ಯಾವಹಾರಿಕ ಕ್ರಮ. ನಾಲ್ಕು ಬದಿಯೂ 100 ಅಡಿಯಿರುವ ಒಂದು ನಿವೇಶನಕ್ಕೆ ಈ ಕ್ರಮದಲ್ಲಿ 10,000 ಚದರ ಅಡಿ ಬರುತ್ತದೆ. ಆದರೆ ಆ ನಿವೇಶನ ಚೌಕವಾಗಿರದೆ ಒಂದು ಪಕ್ಕಕ್ಕೆ ವಾಲಿದ್ದು, ಎದುರುಬದುರು ಬದಿಗಳ ನಡುವಿನ ನೇರ ಅಂತರ 80 ಅಡಿಯಷ್ಟೇ ಇದ್ದರೆ ನಿಜವಾದ ಕ್ಷೇತ್ರಫಲ 8,000 ಚದರ ಅಡಿ. ಒಂದು ಗುಂಟೆಗೆ 33 ಅಡಿ ಚೌಕ, ಅಂದರೆ 1,089 ಚದರ ಅಡಿ. ಕಳೆದುಹೋದ 2,000 ಚದರ ಅಡಿ ಸುಮಾರು 1 ಗುಂಟೆ 13 ಆಣೆಯಾಗುತ್ತದೆ. ಬೇಲಿಯ ಉದ್ದ ಒಂದಿಂಚೂ ಕಡಿಮೆಯಾಗದೆ ಭೂಮಿ ಇಷ್ಟು ಕಡಿಮೆಯಾಗಬಲ್ಲದು. ಇದನ್ನು ಹಿಡಿಯಲು ಕರ್ಣಗಳನ್ನು ಅಳೆದರೆ ಸಾಕು: ಚೌಕದಲ್ಲಿ ಎರಡು ಕರ್ಣಗಳೂ ಸಮ, ಈ ವಾಲಿದ ನಿವೇಶನದಲ್ಲಿ ಒಂದು ಸುಮಾರು 179 ಅಡಿ, ಇನ್ನೊಂದು ಸುಮಾರು 89 ಅಡಿ. ಸುತ್ತಳತೆಯನ್ನು ಮಾತ್ರ ನೋಡಿ ತೃಪ್ತರಾಗುವವರು ಒಳಗನ್ನು ಕಳೆದುಕೊಳ್ಳುತ್ತಾರೆ ಎಂಬುದು ಗಣಿತದ ಮಾತು. ಅದು ಗಣಿತಕ್ಕೆ ಮಾತ್ರ ಸೀಮಿತವಲ್ಲ.

ಇನ್ನು ಧರ್ಮದ ಕ್ಷೇತ್ರ. ಜೈನ ಶಾಸ್ತ್ರದಲ್ಲಿ ಈ ಪದಕ್ಕೆ ಒಂದೇ ಅರ್ಥವಿಲ್ಲ. ಕನಿಷ್ಠ ನಾಲ್ಕನ್ನು ಇಲ್ಲಿ ಗಮನಿಸಬಹುದು.

ಮೊದಲನೆಯದು ಲೋಕವರ್ಣನೆಯ ಕ್ಷೇತ್ರ. ತತ್ತ್ವಾರ್ಥಸೂತ್ರದ ಮೂರನೆಯ ಅಧ್ಯಾಯವು ಜಂಬೂದ್ವೀಪದಲ್ಲಿ ಭರತ, ಹೈಮವತ, ಹರಿ, ವಿದೇಹ, ರಮ್ಯಕ, ಹೈರಣ್ಯವತ, ಐರಾವತವೆಂಬ ಏಳು ಕ್ಷೇತ್ರಗಳನ್ನು ಹೇಳುತ್ತದೆ. ಅವುಗಳ ನಡುವೆ ಆರು ಪರ್ವತಗಳಿವೆ. ಭರತದ ವಿಸ್ತಾರವನ್ನು 1 ಎಂದು ಹಿಡಿದರೆ ಮುಂದಿನವು 2, 4, 8 ಎಂದು ಇಮ್ಮಡಿಯಾಗುತ್ತ ನಡುವಿನ ವಿದೇಹದಲ್ಲಿ 64 ಆಗಿ, ಮತ್ತೆ ಅರ್ಧರ್ಧವಾಗುತ್ತ ಐರಾವತದಲ್ಲಿ 1ಕ್ಕೆ ಬರುತ್ತವೆ. ಎಲ್ಲವನ್ನೂ ಕೂಡಿದರೆ 190. ಜಂಬೂದ್ವೀಪದ ವ್ಯಾಸ 1,00,000 ಯೋಜನ. ಅದನ್ನು 190ರಿಂದ ಭಾಗಿಸಿದರೆ 526 ಪೂರ್ಣ 6/19 ಯೋಜನ. ಭರತಕ್ಷೇತ್ರಕ್ಕೆ ಸೂತ್ರವು ಕೊಡುವ ವಿಸ್ತಾರ ಇದೇ. ಭರತಕ್ಷೇತ್ರವು ದುಂಡನೆಯ ದ್ವೀಪದ ದಕ್ಷಿಣದ ಅಂಚಿನಲ್ಲಿ ಬಿಲ್ಲಿನ ಆಕಾರದಲ್ಲಿದೆ. ಆದುದರಿಂದ ಅದರ ವಿಸ್ತಾರಕ್ಕೆ ಬಾಣ, ಉತ್ತರದ ಗಡಿಗೆ ಜ್ಯಾ, ದಕ್ಷಿಣದ ಬಾಗಿದ ಗಡಿಗೆ ಧನು ಎಂಬ ಹೆಸರುಗಳಿವೆ. ವ್ಯಾಸದಿಂದ ಬಾಣವನ್ನು ಕಳೆದು, ಉಳಿದುದನ್ನು ಬಾಣದಿಂದಲೂ ನಾಲ್ಕರಿಂದಲೂ ಗುಣಿಸಿ ವರ್ಗಮೂಲ ತೆಗೆದರೆ ಜ್ಯಾ ಸುಮಾರು 14,471 ಯೋಜನ. ಪ್ರೌಢಶಾಲೆಯ ವೃತ್ತದ ಪಾಠ ಕಲಿತ ಯಾವ ಮಗುವಾದರೂ ಇದನ್ನು ಕಾಗದದ ಮೇಲೆ ಪರೀಕ್ಷಿಸಬಹುದು. ಈ ಭೂಗೋಳವನ್ನು ಇಂದಿನ ನಕಾಶೆಯೊಡನೆ ಹೊಂದಿಸಲು ಹೆಣಗಬೇಕಾಗಿಲ್ಲ. ಪೂಜೆಯಲ್ಲಿ ಸಂಕಲ್ಪಿಸುವ ಭರತಕ್ಷೇತ್ರವನ್ನು ಪೂರ್ವಿಕರು ಕಣ್ಣು ಮುಚ್ಚಿ ನಂಬದೆ ಲೆಕ್ಕ ಹಾಕಿ ನಿರೂಪಿಸಿದರು ಎಂಬುದನ್ನು ಮಕ್ಕಳಿಗೆ ತೋರಿಸಿದರೆ ಸಾಕು. ಭಕ್ತಿ ಮತ್ತು ಲೆಕ್ಕ ಅವರಿಗೆ ಪರಸ್ಪರ ಶತ್ರುಗಳಾಗಿರಲಿಲ್ಲ.

ಎರಡನೆಯದು ತತ್ತ್ವವಿಚಾರದ ಕ್ಷೇತ್ರ. ಜೀವಾದಿಗಳನ್ನು ಅರಿಯಲು ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯ ಎಂಟು ದ್ವಾರಗಳನ್ನು ಹೇಳುವಾಗ ಕ್ಷೇತ್ರದ ಮಗ್ಗುಲಲ್ಲಿಯೇ 'ಸ್ಪರ್ಶನ'ವನ್ನು ಇಡುತ್ತದೆ. ಪೂಜ್ಯಪಾದರ ವ್ಯಾಖ್ಯೆಯಂತೆ, ವರ್ತಮಾನದಲ್ಲಿ ಇರುವ ನೆಲೆ ಕ್ಷೇತ್ರ. ಮೂರು ಕಾಲಗಳನ್ನೂ ಸೇರಿಸಿ ನೋಡಿದರೆ ಅದೇ ಸ್ಪರ್ಶನ. ಊರು ಬಿಟ್ಟು ಬಂದ ಕುಟುಂಬಗಳಿಗೆ ಈ ಭೇದ ಮನಸ್ಸಿಗೆ ಹತ್ತಿರವಾದದ್ದು. ಇಂದಿನ ಕ್ಷೇತ್ರ ಠಾಣೆಯ ಎರಡು ಕೋಣೆಯ ಮನೆಯಾಗಿರಬಹುದು. ಸ್ಪರ್ಶನದಲ್ಲಿ ತುಳುನಾಡಿನ ಬೀಡೂ ಇದೆ, ಬೆಳಗಾವಿಯ ಕಬ್ಬಿನ ಗದ್ದೆಯೂ ಇದೆ, ಮಲೆನಾಡಿನ ಬಸದಿಯ ಮೆಟ್ಟಿಲೂ ಇದೆ. ಆ ಮೆಟ್ಟಿಲಿನ ಮೇಲೆ ಇಂದು ಯಾರು ದೀಪ ಹಚ್ಚುತ್ತಾರೆ ಎಂಬುದು ಹೊರನಾಡಿನ ಶ್ರಾವಕನ ಲೆಕ್ಕದಿಂದ ಹೊರಗೆ ಉಳಿಯಲಾರದು.

ಮೂರನೆಯದು ತೀರ್ಥಕ್ಷೇತ್ರ. ನಿರ್ವಾಣವಾದ ನೆಲ ಸಿದ್ಧಕ್ಷೇತ್ರ. ಅತಿಶಯ ನಡೆದ ನೆಲ ಅತಿಶಯ ಕ್ಷೇತ್ರ. ಹೊರನಾಡಿನವರಿಗೆ ಕುಂಥಲಗಿರಿ ಹತ್ತಿರದ ಉದಾಹರಣೆ. ಬೆಳಗಾವಿ ಜಿಲ್ಲೆಯಲ್ಲಿ ಜನಿಸಿದ ಚಾರಿತ್ರಚಕ್ರವರ್ತಿ ಶಾಂತಿಸಾಗರ ಆಚಾರ್ಯರು 1955ರಲ್ಲಿ ಸಲ್ಲೇಖನ ಸ್ವೀಕರಿಸಿ ದೇಹ ಬಿಟ್ಟದ್ದು ಅಲ್ಲಿಯೇ. ಅಲ್ಲಿಗೆ ಹೋದವರು ನಮಿಸುವುದು ಎಕರೆಗಲ್ಲ. ಒಂದು ಜೀವ ತನ್ನದೆಂಬುದನ್ನೆಲ್ಲ ಕಳಚಿಟ್ಟ ತಾಣಕ್ಕೆ ನಮಿಸುತ್ತಾರೆ. ಆ ತಾಣದ ಮಹಿಮೆಗೆ ಉದ್ದ-ಅಗಲಗಳಿಲ್ಲ.

ನಾಲ್ಕನೆಯ ಅರ್ಥವನ್ನೇ ಸಮಾಜ ಹೆಚ್ಚು ಮರೆತಿದೆ. ಅದು ವ್ರತದ ಕ್ಷೇತ್ರ. ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಮೊದಲು ಹೆಸರಿಸುವ ವಸ್ತುವೇ ಕ್ಷೇತ್ರ, ಅಂದರೆ ಹೊಲ. ಆಮೇಲೆ ಮನೆ, ಬೆಳ್ಳಿ, ಬಂಗಾರ, ದನ, ಧಾನ್ಯಗಳು ಬರುತ್ತವೆ. ಗೃಹಸ್ಥನು ಇವುಗಳಿಗೆ ಒಂದು ಮಿತಿಯನ್ನು ಸ್ವತಃ ಹಾಕಿಕೊಳ್ಳಬೇಕು; ಆ ಮಿತಿಯನ್ನು ಮೀರುವುದು ದೋಷ. ದಿಗ್ವ್ರತದಲ್ಲಿಯೂ ಹೀಗೆಯೇ. ಸಮುದ್ರ, ನದಿ, ಬೆಟ್ಟ, ಕಾಡು ಮುಂತಾದ ಗುರುತುಗಳನ್ನು ಮೇರೆಯಾಗಿ ಇಟ್ಟುಕೊಂಡು, ಅದರಾಚೆ ಹೋಗುವುದಿಲ್ಲ, ಅದರಾಚೆಯ ವ್ಯವಹಾರಕ್ಕೆ ಆಸೆಪಡುವುದಿಲ್ಲ ಎಂದು ಶ್ರಾವಕನು ನೇಮ ಹಿಡಿಯುತ್ತಾನೆ. ಆ ವ್ರತದ ಐದು ಅತಿಚಾರಗಳಲ್ಲಿ ಒಂದರ ಹೆಸರು 'ಕ್ಷೇತ್ರವೃದ್ಧಿ'. ಲೋಭದಿಂದ ಮೇರೆಯನ್ನು ಹಿಗ್ಗಿಸಿಕೊಳ್ಳಲು ಬಯಸುವುದು ಎಂದು ಅದರ ತಾತ್ಪರ್ಯ. ಇದಕ್ಕೆ ಕೊಡುವ ದೃಷ್ಟಾಂತ ಲೆಕ್ಕಿಗರಿಗೆ ಬಹಳ ಪರಿಚಿತವಾದುದು: ಪೂರ್ವಕ್ಕೆ 100 ಯೋಜನ, ಪಶ್ಚಿಮಕ್ಕೆ 100 ಯೋಜನ ಎಂದು ನೇಮ ಹಿಡಿದವನು, ಪೂರ್ವದಲ್ಲಿ ಲಾಭ ಕಂಡಾಗ ಪಶ್ಚಿಮದ 10ನ್ನು ಕಳೆದು ಪೂರ್ವಕ್ಕೆ ಸೇರಿಸಿಕೊಂಡು 110 ಯೋಜನ ಹೋಗುತ್ತಾನೆ. ಮೊತ್ತ 200 ಹಾಗೆಯೇ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಾನೆ. ಶಾಸ್ತ್ರ ಆ ಸಮಾಧಾನವನ್ನು ಒಪ್ಪುವುದಿಲ್ಲ. ಒಟ್ಟು ಸರಿಯಿದ್ದರೂ ಬಾಬತ್ತು ಬದಲಾಗಿದ್ದರೆ ಅದು ದೋಷವೇ.

ಈಗ ಈ ಅರ್ಥಗಳನ್ನು ಇಂದಿನ ಆಚರಣೆಯ ಎದುರಿಗೆ ಇಟ್ಟು ನೋಡಬೇಕು. ಹೊಸ ಕ್ಷೇತ್ರವೊಂದರ ಆಮಂತ್ರಣ ಪತ್ರಿಕೆ ಬಂದರೆ ಅದರಲ್ಲಿ ಮೊದಲು ಕಾಣುವುದು ಎಷ್ಟು ಎಕರೆ, ಬಿಂಬ ಎಷ್ಟು ಅಡಿ, ಅಮೃತಶಿಲೆ ಎಷ್ಟು ಚದರ ಅಡಿ, ಯಾತ್ರಿನಿವಾಸಕ್ಕೆ ಎಷ್ಟು ಕೋಣೆ ಎಂಬ ಸಂಖ್ಯೆಗಳು. ಅಲ್ಲಿ ಸ್ವಾಧ್ಯಾಯ ನಡೆಯುತ್ತದೆಯೆ, ಮುನಿಗಳಿಗೆ ಆಹಾರದ ವ್ಯವಸ್ಥೆಯಿದೆಯೆ, ಬಡ ಶ್ರಾವಕನ ಮಗುವಿಗೆ ಓದಲು ನೆರವಿದೆಯೆ ಎಂಬುದು ಎರಡನೆಯ ಪುಟಕ್ಕೆ ಸರಿಯುತ್ತದೆ. ಅದೇ ವೇಳೆಗೆ ಊರಿನ ಹಳೆಯ ಬಸದಿಯ ಜಮೀನು ಎಷ್ಟು, ಅದರ ಚೆಕ್ಕುಬಂದಿ ಯಾವುದು, ಪಹಣಿಯಲ್ಲಿ ಯಾರ ಹೆಸರಿದೆ ಎಂದು ಕೇಳಿದರೆ ಆಡಳಿತ ಸಮಿತಿಯವರು ಭಕ್ತಿಯ ಮಾತಾಡಿ ವಿಷಯ ಬದಲಿಸುತ್ತಾರೆ. ಅಳತೆಗೆ ಮೀರಿದ್ದನ್ನು ಅಡಿಯಲ್ಲಿ ಅಳೆಯುವುದು, ಅಡಿಯಲ್ಲಿ ಅಳೆಯಲೇಬೇಕಾದದ್ದನ್ನು ಭಕ್ತಿಗೆ ಬಿಡುವುದು, ಇದೇ ಎರಡು ಅರ್ಥಗಳ ಬೆರಕೆಯಿಂದಾದ ಹಾನಿ.

ಹಾನಿ ಕಾಲ್ಪನಿಕವಲ್ಲ. ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿಯ ಅನಂತರ ಗೇಣಿಗೆ ಕೊಟ್ಟ ಭೂಮಿ ಗೇಣಿದಾರರ ಪಾಲಾಯಿತು. ಉಳುವವರಿಗೆ ನೆಲ ಸಿಕ್ಕಿತು; ಅದು ಸಾಮಾಜಿಕ ನ್ಯಾಯದ ಮಾತು, ಅದನ್ನು ಇಲ್ಲಿ ಪ್ರಶ್ನಿಸಬೇಕಾಗಿಲ್ಲ. ಕರಾವಳಿಯ ಬಸದಿಗಳೂ ಜೈನ ಮನೆತನಗಳೂ ಆಗ ಬಹಳಷ್ಟು ಭೂಮಿಯನ್ನು ಕಳೆದುಕೊಂಡವು. ಭೂಮಿ ಹೋದ ಧಾರ್ಮಿಕ ಸಂಸ್ಥೆಗಳಿಗೆ ಸರ್ಕಾರ ತಸ್ತೀಕ್ ಕೊಡುತ್ತದೆ. ಇನ್ನೂ ಉಳಿದ ಬಸದಿಯ ಅಂಗಳ, ತೋಟ, ಕೆರೆಯಂಚಿನ ತುಂಡು ಜಮೀನುಗಳು ಮಾತ್ರ ಕಾನೂನಿನಿಂದಲ್ಲ, ಅಲಕ್ಷ್ಯದಿಂದ ಕರಗುತ್ತವೆ. ನೆರೆಯ ಬೇಲಿ ವರ್ಷಕ್ಕೊಂದು ಅಡಿ ಒಳಗೆ ಬರುತ್ತದೆ. ಊರಿನಲ್ಲಿ ಉಳಿದ ಒಬ್ಬ ಪುರೋಹಿತ ಇಂದ್ರರಿಗೆ ಅದನ್ನು ಎದುರಿಸುವ ಬಲವಿರುವುದಿಲ್ಲ. ಹೊರನಾಡಿನಿಂದ ಕಳುಹಿಸಿದ ಹಣ ಗೋಪುರಕ್ಕೆ ಬಣ್ಣವಾಗುತ್ತದೆ, ಹದ್ದುಬಸ್ತಿನ ಅರ್ಜಿಯ ಶುಲ್ಕವಾಗುವುದಿಲ್ಲ. ಅನೇಕ ಬಸದಿಗಳ ಬಾಗಿಲ ಬಳಿ ಕ್ಷೇತ್ರಪಾಲನಿದ್ದಾನೆ. ಎಣ್ಣೆ, ಸಿಂಧೂರ, ತೆಂಗಿನಕಾಯಿ ಅವನಿಗೆ ಸಲ್ಲುತ್ತವೆ. ಆದರೆ ಕ್ಷೇತ್ರವನ್ನು ಪಾಲಿಸುವ ಕೆಲಸವನ್ನು ಕಲ್ಲಿಗೆ ಒಪ್ಪಿಸಿ ಸಮಿತಿಯ ಸದಸ್ಯರು ನಿಶ್ಚಿಂತರಾಗುವಂತಿಲ್ಲ. ಪಹಣಿಯನ್ನು, ಮಹಾರಾಷ್ಟ್ರದಲ್ಲಾದರೆ ಸಾತ್‌ಬಾರಾ ಉತಾರೆಯನ್ನು, ವರ್ಷಕ್ಕೊಮ್ಮೆ ತೆಗೆದು ಓದುವವನೇ ಇಂದಿನ ಕ್ಷೇತ್ರಪಾಲ.

ಹಣದ ವಿಷಯದಲ್ಲಿಯೂ ಕ್ಷೇತ್ರವೃದ್ಧಿಯ ದೃಷ್ಟಾಂತ ನೇರವಾಗಿ ಅನ್ವಯಿಸುತ್ತದೆ. ಆಹಾರದಾನಕ್ಕೆಂದು ಕೊಟ್ಟ ಹಣ ಕಲ್ಯಾಣಮಂಟಪದ ಚಾವಣಿಗೆ ಹೋಗುತ್ತದೆ. ವಿದ್ಯಾರ್ಥಿನಿಧಿಯಿಂದ ಪಂಚಕಲ್ಯಾಣದ ಪೆಂಡಾಲಿಗೆ ಸಾಲ ಪಡೆಯಲಾಗುತ್ತದೆ. ಎಲ್ಲ ಧರ್ಮಕಾರ್ಯವೇ ಅಲ್ಲವೆ, ಒಟ್ಟು ಮೊತ್ತ ಸರಿಯಿದೆಯಲ್ಲ ಎಂಬ ಸಮಾಧಾನ ಮಹಾಸಭೆಯಲ್ಲಿ ಕೇಳಿಬರುತ್ತದೆ. ಪಶ್ಚಿಮದ ಹತ್ತನ್ನು ಪೂರ್ವಕ್ಕೆ ಸೇರಿಸಿದ ಶ್ರಾವಕನ ಸಮಾಧಾನವೇ ಅದು. ದೇಶದ ಕಾನೂನು ಕೂಡ ಶಾಸ್ತ್ರದ ಪಕ್ಕದಲ್ಲಿಯೇ ನಿಂತಿದೆ. ಮೂಲನಿಧಿಗೆಂದು ದಾನಿ ನಿರ್ದಿಷ್ಟವಾಗಿ ಸೂಚಿಸಿ ಕೊಟ್ಟ ಹಣವನ್ನು ನ್ಯಾಸವು ಬೇರೆಯಾಗಿ ತೋರಿಸಿ ಗೊತ್ತುಪಡಿಸಿದ ಠೇವಣಿಗಳಲ್ಲಿಯೇ ಇಡಬೇಕು. ಉಳಿದ ಆದಾಯದ 85 ಶತಾಂಶವನ್ನು ಉದ್ದೇಶಕ್ಕೆ ಬಳಸಬೇಕು, ಇಲ್ಲವೆ ಕಾರಣ ತಿಳಿಸಿ ಕೂಡಿಡಬೇಕು. ಮಹಾರಾಷ್ಟ್ರದಲ್ಲಿ ನೋಂದಾಯಿತ ಸಾರ್ವಜನಿಕ ನ್ಯಾಸವು ಸ್ಥಿರಾಸ್ತಿಯನ್ನು ಮಾರಲು, ವಿನಿಮಯ ಮಾಡಲು, ದಾನ ಕೊಡಲು ಚಾರಿಟಿ ಕಮಿಷನರರ ಪೂರ್ವಾನುಮತಿ ಪಡೆಯಬೇಕು. ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ತಿದ್ದಬೇಕು. ಒಂದೇ ಧಾರ್ಮಿಕ ಸಮುದಾಯದ ಹಿತಕ್ಕಾಗಿ ಇರುವ ಸಂಸ್ಥೆಗೆ ಕೊಟ್ಟ ದಾನಕ್ಕೆ ಜನರು 80ಜಿ ಎಂದು ಕರೆಯುವ ತೆರಿಗೆ ರಿಯಾಯಿತಿ ಸಾಮಾನ್ಯವಾಗಿ ದೊರೆಯುವುದಿಲ್ಲ. ರಸೀದಿಯಲ್ಲಿ ಏನು ಬರೆದಿದೆ ಎಂದು ಕೇಳಿ ಕೊಡುವುದು ಅಶ್ರದ್ಧೆಯಲ್ಲ. ತ್ಯಾಗಧರ್ಮದ ಮರುದಿನವೇ ಆಕಿಂಚನ್ಯ ಬರುವುದು. ಕೊಟ್ಟ ಮೇಲೆ ತನ್ನದಲ್ಲ ಎಂಬುದು ದಾನಿಗೆ ಹೇಗೋ, ಕೈಗೆ ಬಂದದ್ದು ತನ್ನದಲ್ಲ ಎಂಬುದು ನ್ಯಾಸಧಾರಿಗೆ ಹಾಗೆ.

ಕ್ಷೇತ್ರದ ಗಡಿ ಎಲ್ಲಿ ಎಂಬ ಪ್ರಶ್ನೆ ಊರ ಬಸದಿಗಷ್ಟೇ ಸೇರಿದ್ದಲ್ಲ. 24 ತೀರ್ಥಂಕರರಲ್ಲಿ 20 ಮಂದಿಯ ನಿರ್ವಾಣಭೂಮಿಯಾದ ಸಮ್ಮೇದ ಶಿಖರ್ಜಿ ಝಾರ್ಖಂಡಿನ ಪಾರಸನಾಥ ಬೆಟ್ಟದ ಮೇಲಿದೆ. ದಿಗಂಬರ ಮತ್ತು ಶ್ವೇತಾಂಬರರು ಆ ಬೆಟ್ಟದ ಹಕ್ಕುಗಳಿಗಾಗಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋದರು. 1933ರಲ್ಲಿ ಅಲ್ಲಿ ತೀರ್ಪಾಯಿತು. ಅಭಯಾರಣ್ಯದ ಸುತ್ತಲಿನ ಪರಿಸರ ಸೂಕ್ಷ್ಮ ವಲಯಕ್ಕೆ ಸಂಬಂಧಿಸಿದ 2019ರ ಕೇಂದ್ರದ ಅಧಿಸೂಚನೆಯಲ್ಲಿ ಪ್ರವಾಸೋದ್ಯಮಕ್ಕೆ ಅವಕಾಶವಿತ್ತು. ಅದರ ವಿರುದ್ಧ 2022ರ ಕೊನೆಯಲ್ಲಿ ದೇಶದ ಅನೇಕ ನಗರಗಳಲ್ಲಿ ಜೈನರು ಬೀದಿಗಿಳಿದರು. 2023ರ ಜನವರಿ 5ರಂದು ಕೇಂದ್ರ ಸರ್ಕಾರ ಆ ಅವಕಾಶಗಳಿಗೆ ತಡೆ ನೀಡಿತು. ಹೋರಾಟ ನ್ಯಾಯವಾದುದೇ ಆಗಿತ್ತು. ಮದ್ಯ, ಮಾಂಸ, ಮೋಜಿನ ತಾಣವಾಗಿ ಸಿದ್ಧಕ್ಷೇತ್ರ ಮಾರ್ಪಡುವುದನ್ನು ತಡೆಯುವುದು ಶ್ರಾವಕನ ಕರ್ತವ್ಯ.

ಆದರೆ ಅದೇ ಬೆಟ್ಟ ಸಂತಾಲ ಆದಿವಾಸಿಗಳಿಗೆ ಮರಾಂಗ್ ಬುರು. ಅವರ ಪಾಲಿಗೂ ಅದು ದೇವರ ನೆಲೆ. ಜೈನರ ಹೋರಾಟದ ಬೆನ್ನಲ್ಲಿಯೇ ಅವರೂ ತಮ್ಮ ಹಕ್ಕು ಕೇಳಿ ಸಭೆ ಸೇರಿದರು. ಗಣಿತದ ಕ್ಷೇತ್ರದಲ್ಲಿ ಒಂದು ತುಂಡು ಜಮೀನು ಒಬ್ಬನ ಚೆಕ್ಕುಬಂದಿಯೊಳಗೆ ಬಂದರೆ ಇನ್ನೊಬ್ಬನದರಿಂದ ಹೊರಗೆ ಹೋಗಬೇಕು. ಶ್ರದ್ಧೆಯ ಕ್ಷೇತ್ರಕ್ಕೆ ಆ ನಿಯಮವಿಲ್ಲ. ಒಂದೇ ಬೆಟ್ಟ ಇಬ್ಬರ ಶ್ರದ್ಧೆಗೂ ಪೂರ್ತಿಯಾಗಿ ಸಲ್ಲಬಹುದು. ಇಡೀ ಬೆಟ್ಟ ಪವಿತ್ರವೆಂಬುದು ಜೈನರ ಭಾವ. ಆದುದರಿಂದ ಇಡೀ ಬೆಟ್ಟ ಜೈನರ ಸ್ವತ್ತು ಎಂದು ಹೇಳಿದ ಕೂಡಲೆ ಭಾವವು ಪಹಣಿಯಾಗಿಬಿಡುತ್ತದೆ. ಬಲಿ ಮತ್ತು ಬೇಟೆಯ ವಿಷಯದಲ್ಲಿ ಅಹಿಂಸೆಯ ಮಾತು ಬಂದೇ ಬರುತ್ತದೆ, ಅದನ್ನು ಬಿಟ್ಟುಕೊಡಲಾಗದು. ಆದರೆ ಅದನ್ನು ಮನವೊಲಿಕೆಯಿಂದ, ಶಾಲೆ-ಆಸ್ಪತ್ರೆಗಳ ಸೇವೆಯಿಂದ, ಅಲ್ಲಿ ತಲೆತಲಾಂತರದಿಂದ ಬದುಕಿದವರ ಜೊತೆ ಕುಳಿತು ಮಾತಾಡುವುದರಿಂದ ಸಾಧಿಸಬೇಕು. ಅನೇಕಾಂತವನ್ನು ಲೋಕಕ್ಕೆ ಕೊಟ್ಟೆವೆಂದು ಹೆಮ್ಮೆಪಡುವ ಸಮಾಜಕ್ಕೆ ಇದಕ್ಕಿಂತ ತಕ್ಕ ಪರೀಕ್ಷೆ ಇನ್ನೊಂದಿಲ್ಲ. ಚುನಾವಣೆಯ ಹೊತ್ತಿನಲ್ಲಿ ಬಂದು ಬೆಟ್ಟವನ್ನು ಒಬ್ಬರಿಗೆ ಬರೆದುಕೊಡುವೆವೆಂದು ಎರಡು ಸಭೆಗಳಲ್ಲಿಯೂ ಹೇಳಬಲ್ಲ ರಾಜಕಾರಣಿಗಳನ್ನು ಗುರುತಿಸಲು ಕೂಡ ಪದದ ಈ ಎರಡು ಅರ್ಥಗಳ ಅರಿವು ಸಹಾಯಕ.

ಹಾಗಾದರೆ ಮಾಡಬೇಕಾದದ್ದೇನು? ಮೂರು ಕೆಲಸಗಳನ್ನು ಈ ವರ್ಷದಿಂದಲೇ ಆರಂಭಿಸಬಹುದು.

ಮೊದಲನೆಯದಾಗಿ, ಹೊರನಾಡಿನ ಪ್ರತಿಯೊಂದು ಕುಟುಂಬವೂ ತನ್ನ ಮೂಲ ಊರಿನ ಬಸದಿಗೆ ಮುಂದಿನ ಕಾಣಿಕೆ ಕಳುಹಿಸುವ ಮೊದಲು ಒಂದು ಪತ್ರ ಬರೆಯಲಿ: ಬಸದಿಯ ಸರ್ವೆ ನಂಬರು ಯಾವುದು, ವಿಸ್ತೀರ್ಣ ಎಷ್ಟು ಎಕರೆ ಎಷ್ಟು ಗುಂಟೆ, ದಾಖಲೆ ಯಾರ ಹೆಸರಿನಲ್ಲಿದೆ, ಹದ್ದುಬಸ್ತು ಆಗಿದೆಯೆ. ಆಗಿಲ್ಲವಾದರೆ ಆ ವರ್ಷದ ಕಾಣಿಕೆ ಅದಕ್ಕೇ ಸಲ್ಲಲಿ. ಅಳೆದ ನಕ್ಷೆಯನ್ನು ಬಸದಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ತೂಗುಹಾಕಲಿ. ಈ ಲೆಕ್ಕ ಸೂಕ್ಷ್ಮವೇ ಆಗಬೇಕು, ವ್ಯಾವಹಾರಿಕ ಸಾಲದು.

ಎರಡನೆಯದಾಗಿ, ಪ್ರತಿಯೊಂದು ಕ್ಷೇತ್ರದ ವಾರ್ಷಿಕ ಲೆಕ್ಕದಲ್ಲಿ ಬಾಬತ್ತುವಾರು ಪಟ್ಟಿ ಇರಲಿ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಿಗೆ ಬಂದದ್ದೆಷ್ಟು, ಅವುಗಳಿಗೇ ಖರ್ಚಾದದ್ದೆಷ್ಟು, ಕಟ್ಟಡಕ್ಕೆ ಬಂದದ್ದೆಷ್ಟು, ಹೋದದ್ದೆಷ್ಟು ಎಂಬುದು ಒಂದೇ ಪುಟದಲ್ಲಿ, ಅಜ್ಜಿಯೂ ಓದಬಲ್ಲ ಕನ್ನಡದಲ್ಲಿ ಪ್ರಕಟವಾಗಲಿ. ಒಂದರಿಂದ ಇನ್ನೊಂದಕ್ಕೆ ಹಣ ಸರಿಸಿದ್ದರೆ ಅದನ್ನು ಕ್ಷೇತ್ರವೃದ್ಧಿಯೆಂದೇ ಕರೆದು, ದಾನಿಗಳ ಒಪ್ಪಿಗೆ ಪಡೆದು, ಮರಳಿಸುವ ದಿನವನ್ನು ಬರೆಯಲಿ.

ಮೂರನೆಯದು ಮನೆಯೊಳಗಿನ ಕೆಲಸ. ಎರಡನೆಯ ಫ್ಲ್ಯಾಟು, ಊರಿನಲ್ಲೊಂದು ನಿವೇಶನ, ಹೆದ್ದಾರಿಯ ಬದಿಯಲ್ಲಿ ಮುಂದೆ ಬೆಲೆ ಬರಲೆಂದು ಕೊಂಡಿಟ್ಟ ತುಂಡು, ಹೀಗೆ ಬೆಳೆಯುವ ಕ್ಷೇತ್ರಕ್ಕೆ ಗೃಹಸ್ಥನು ಒಂದು ಮೇರೆಯನ್ನು ಬರೆದಿಡಲಿ. ಎಷ್ಟೆಂದು ಹೇಳುವ ಅಧಿಕಾರ ಇನ್ನೊಬ್ಬರಿಗಿಲ್ಲ. ಪರಿಮಾಣವನ್ನು ಶ್ರಾವಕನೇ ನಿಶ್ಚಯಿಸಬೇಕೆಂಬುದು ಅಣುವ್ರತದ ಔದಾರ್ಯ. ಆದರೆ ಸಂಖ್ಯೆ ಇರಬೇಕು, ದಿನಾಂಕ ಇರಬೇಕು, ಮನೆಯವರಿಗೆ ತಿಳಿದಿರಬೇಕು. ಬರೆಯದ ಮೇರೆ ಹಿಗ್ಗುತ್ತಲೇ ಹೋಗುತ್ತದೆ.

ಇಷ್ಟಾದ ಮೇಲೆ ಮಗುವಿನ ಪ್ರಶ್ನೆಗೆ ಉತ್ತರ ಕೊಡಬಹುದು. ಈ ಕ್ಷೇತ್ರದ ಕ್ಷೇತ್ರಫಳ ಎಷ್ಟು ಎಂದು ಅದು ಕೇಳಿದಾಗ ತಂದೆಯಾಗಲಿ ತಾಯಿಯಾಗಲಿ ಮೊದಲು ಗೋಡೆಯ ಮೇಲಿನ ನಕ್ಷೆಯ ಬಳಿಗೆ ಕರೆದೊಯ್ದು ಎಕರೆ ಗುಂಟೆಗಳನ್ನು ಓದಿಸಲಿ, ಬೇಕಾದರೆ ಅಂಗಳದ ಎರಡು ಕರ್ಣಗಳನ್ನು ಟೇಪು ಹಿಡಿದು ಅಳೆಯಿಸಲಿ. ಅದು ಮಹಾವೀರಾಚಾರ್ಯರ ಕ್ಷೇತ್ರ. ಆಮೇಲೆ ಗರ್ಭಗುಡಿಯ ಮುಂದೆ ಕೂರಿಸಿ, ಇಲ್ಲಿಂದ ಎದ್ದು ಹೋಗುವಾಗ ಮನಸ್ಸಿನಲ್ಲಿ ಏನು ಕಡಿಮೆಯಾಯಿತೋ ಅದೇ ಈ ಇನ್ನೊಂದು ಕ್ಷೇತ್ರದ ಫಲ ಎಂದು ಹೇಳಲಿ. ಮೊದಲನೆಯದರ ಉತ್ತರವನ್ನು ಮಗು ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ಎರಡನೆಯದರ ಉತ್ತರವನ್ನು ಅದು ಹಿರಿಯರ ನಡೆಯಲ್ಲಿ ಹುಡುಕುತ್ತದೆ.